ಕಾಡುಪಾಪದ ಕಣ್ಣು

ಬಸವನಗುಡಿ, ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಸಾಯಂಕಾಲ ನೀನು ಫೋನ್ ಮಾಡಿ "ಕ್ಲಾಸಿನ ಪ್ರದರ್ಶನ ಹೇಗಾಯ್ತಮ್ಮ?" ಅಂದೆ. ಮನೆ ತುಂಬ ಜನ, ನಾನು "ಚೆನ್ನಾಗಾಯ್ತು" ಅಂತ ಇಟ್ಟುಬಿಟ್ಟೆ. ಈಗ ಪಾತ್ರೆ ಎಲ್ಲಾ ತೊಳೆದು ಕೂತಿದ್ದೀನಿ, ಹೇಳ್ತೀನಿ ಕೇಳು.

ತಾರಸಿಯಲ್ಲಿ ಬಟ್ಟೆ ಒಣಗಿಸೋ ಹಗ್ಗಕ್ಕೆ ನನ್ನ ಕ್ಲಾಸಿನ ಎಂಟೂ ಜನ ಬಟ್ಟೆಚೂರು ಅಂಟಿಸಿ ಚಿತ್ರ ಮಾಡಿದ ಕೊಲಾಜ್ ಕ್ವಿಲ್ಟ್‌ಗಳನ್ನು ಕ್ಲಿಪ್ ಹಾಕಿ ನೇತುಹಾಕಿದ್ದೆವು. ಉಪ್ಪಿಟ್ಟು, ಕೇಸರಿಬಾತು, ಕಾಫಿ. ಎದುರುಮನೆಯವರು ಬಂದು "ಹೊದ್ದುಕೊಳ್ಳೋಕೆ ಬೆಚ್ಚಗಿರುತ್ತಾ?" ಅಂದರು. ಇದು ಗೋಡೆಗೆ ಅಂದಿದ್ದಕ್ಕೆ ಪಾಪ, ಮುಖ ಸಣ್ಣದು ಮಾಡಿಕೊಂಡರು. ನಿನ್ನ ಧಾರವಾಡದ ಅಜ್ಜಿ ಇದ್ದಿದ್ದರೂ "ಹೊಚ್ಚಿಕೊಳ್ಳಾಕ ಬರದಿದ್ರ ಅದೆಂಥಾ ಕೌದಿ?" ಅಂತಲೇ ಅನ್ನುತ್ತಿದ್ದರು.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಕವಂದಿ, ಅಂದರೆ ಅವರ ಚೂರುಬಟ್ಟೆಯ ಕೌದಿ, ಹೊಲಿಯುವಾಗ ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ 'ಫುಲ' ಅನ್ನೋ ಮಡಿಕೆಯ ಹೂ ಇಡದೆ ಅದು ಮುಗಿದ ಲೆಕ್ಕವಲ್ಲ. ನಮ್ಮ ಕೊಲಾಜ್ ಅದಕ್ಕೆ ಉಲ್ಟಾ. ತೆಳು ಕಾಟನ್ ಮೇಲೆ ಚಿತ್ರದ ಗೆರೆ ಇಳಿಸಿಕೊಂಡು ಮೊದಲು ಕಣ್ಣು ಮಾಡೋದು, ಆಮೇಲೆ ಚೂರು ಚೂರಾಗಿ ಅಂಟಿಸುತ್ತಾ ಹೊರಕ್ಕೆ ಹೋಗೋದು. ಪ್ರತಿ ಚೂರಿನ ನಡುವೆ ಒಂದೇ ಚುಕ್ಕಿ ಗೋಂದು, ಇಲ್ಲದಿದ್ದರೆ ಪಕ್ಕದ ಚೂರನ್ನು ಅಂಚಿನಡಿ ತೂರಿಸೋಕೆ ಆಗಲ್ಲ. ಒಬ್ಬರು ಚೂರಿನ ಮೈಗೆಲ್ಲ ಗೋಂದು ಬಳಿದು ತಂದಿದ್ದರು, ಹಪ್ಪಳದ ಹಾಗೆ ಬಿರುಸಾಗಿತ್ತು, ಎರಡು ಸೂಜಿ ಹೋಯ್ತು.

ಮೊದಲ ವಾರ ಎಲ್ಲರಿಗೂ ಬಣ್ಣದ್ದೇ ಚಿಂತೆ. "ನಮ್ಮ ನಾಯಿ ಕಂದು ಮಿಸ್, ಕಂದು ಬಟ್ಟೆ ಸಾಲಲ್ಲ." ಫೋಟೋ ತೆಗೆದು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ತೋರಿಸ್ತೀನಿ. ನೆರಳು-ಬೆಳಕು ಸರಿಯಾಗಿ ಕೂತರೆ ನಾಯಿ ನೇರಳೆ ಆದರೂ ನಾಯಿಯೇ. ಬಟ್ಟೆಯ ಒಳಮೈ ಸ್ವಲ್ಪ ಮಾಸಲು ಇರುತ್ತಲ್ಲ, ಅದನ್ನೇ ತಿರುಗಿಸಿ ಹಾಕಿದರೆ ಅರೆಬೆಳಕು ಬಂತು. ಬಟ್ಟೆಗೇನು ಬರವಿಲ್ಲ ಬಿಡು. ಗೌರಿಹಬ್ಬದ ಬಾಗಿನದಲ್ಲಿ ಬಂದು, ಯಾರೂ ಹೊಲಿಸದೆ, ಮನೆಯಿಂದ ಮನೆಗೆ ತಿರುಗುವ ಬ್ಲೌಸ್ ಪೀಸ್‌ಗಳಿಗೆ ನಮ್ಮ ಕ್ಲಾಸಿನಲ್ಲಿ ಕೊನೆಗೂ ಮುಕ್ತಿ ಸಿಕ್ಕಿದೆ.

ಇನ್ನು ನಾನು ಹೇಳಬೇಕಾಗಿದ್ದು. ನಿನ್ನ ವಯಸ್ಸಿನ ಹುಡುಗಿಯೊಬ್ಬಳು ಬರ್ತಾಳೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾತ್ರಿ ಕಾಡುಪಾಪ ಅನ್ನೋ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ ನೋಡಿದ್ದಳಂತೆ, ಅದನ್ನೇ ಮಾಡ್ತೀನಿ ಅಂತ ಹಟ. ಕಣ್ಣು ಎಂಥಾ ಕಣ್ಣು ಅಂತೀಯ! ಹಳೇ ರೇಷ್ಮೆ ಸೆರಗಿನ ಕಂದು, ಅದರೊಳಗೆ ಕಪ್ಪು, ಅದರ ಮೇಲೆ ಅಕ್ಕಿಕಾಳಿನಷ್ಟು ಹೊಳಪು. ಆದರೆ ಒಂದು ಕಣ್ಣಿನ ಹೊಳಪು ಬಿಳಿ, ಇನ್ನೊಂದರದ್ದು ಕೆಂಪು. ತಪ್ಪಿ ಅಂಟಿಸಿದ್ದಾಳೆ ಅಂದುಕೊಂಡೆ. ಅವಳು ಕಾಫಿಗೆ ಎದ್ದಾಗ ಚಿಮುಟದಲ್ಲಿ ಕೆಂಪು ಎತ್ತಿ ಬಿಳಿ ಕೂರಿಸಿದೆ. ಎರಡೂ ಕಣ್ಣು ಜೋಡಿಯಾದವು. ಪ್ರಾಣಿ ಅಂಗಡಿಯ ಗೊಂಬೆಯಾಯ್ತು.

ವಾಪಸ್ ಬಂದು ನೋಡಿದಳು. ಏನೂ ಅನ್ನಲಿಲ್ಲ. ನಾನೇ ತಡೆಯಲಾರದೆ ಒಪ್ಪಿಕೊಂಡೆ. "ಬಿಳೀದು ಬೀದಿದೀಪ ಮಿಸ್, ಕೆಂಪು ನನ್ನ ಟಾರ್ಚು. ಬಿಳಿ ಬೆಳಕು ಬಿಟ್ಟರೆ ಅದರ ಕಣ್ಣಿಗೆ ಹಿಂಸೆ ಅಂತ ಕೆಂಪು ಕಾಗದ ಸುತ್ತಿಕೊಂಡಿದ್ದೆ" ಅಂದಳು. ನೆಲದ ಮೇಲೆ ಬಿದ್ದಿದ್ದ ಆ ಕೆಂಪು ಚೂರನ್ನು ಇಬ್ಬರೂ ಮಂಡಿಯೂರಿ ಹುಡುಕಿದೆವು.

ಅವಳು ಏನೂ ಅನ್ನದೆ ನಿಂತಳಲ್ಲ, ಆಗ ನೀನು ನೆನಪಾದೆ. ಐದನೇ ಕ್ಲಾಸಿನ ಕ್ರಾಫ್ಟ್ ಕರ್ಚೀಫು. ಹೊಲಿಗೆ ಸೊಟ್ಟ ಅಂತ ನೀನು ಮಲಗಿದ ಮೇಲೆ ಬಿಚ್ಚಿ, ಹೂವನ್ನೆಲ್ಲ ನಾನೇ ಹಾಕಿದ್ದೆ. ಬೆಳಗ್ಗೆ ನೀನು ನೋಡಿದೆ, ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದೆ. ಮಾರ್ಕ್ಸ್ ಬಂತು. ನೀನು ಮತ್ತೆ ಸೂಜಿ ಮುಟ್ಟಲಿಲ್ಲ.

ಇವತ್ತು ಹಗ್ಗದ ಮೇಲೆ ಕಾಡುಪಾಪದ ಮುಂದೆಯೇ ಜನ ಜಾಸ್ತಿ ನಿಂತಿದ್ದು. ಬ್ಯಾಂಕಿನಿಂದ ರಿಟೈರಾದ ಆಂಟಿ ತಮ್ಮ ನೇರಳೆ ನಾಯಿಯ ಪಕ್ಕ ನಿಂತು ಬಂದವರಿಗೆಲ್ಲ ಅದರ ಹೆಸರು ಹೇಳುತ್ತಿದ್ದರು, ನಾಯಿ ಹೋಗಿ ವರ್ಷವಾಯ್ತು.

ಆ ಕರ್ಚೀಫು ಟ್ರಂಕಿನಲ್ಲಿದೆ. ಒಂದು ಎಲೆ ಮಾತ್ರ ಬಿಚ್ಚದೆ ಬಿಟ್ಟಿದ್ದೆ, ಅದು ನಿನ್ನದೇ ಹೊಲಿಗೆ. ಮುಂದಿನ ಬ್ಯಾಚಿನ ಜೊತೆ ನಾನೂ ಒಂದು ಹುಂಜ ಮಾಡೋಣ ಅಂತಿದ್ದೀನಿ. ಆ ಎಲೆಯನ್ನು ಬಾಲದ ಗರಿಗೆ ಹಾಕಲಾ? ಬೇಡ ಅಂದರೆ ಬೇಡ. ಈ ಸಲ ಕತ್ತರಿ ಹಾಕೋ ಮುಂಚೆ ಕೇಳ್ತಿದ್ದೀನಿ.

ನಿನ್ನ,
ಅಮ್ಮ