ಹೀಚು ಉದುರಿದರೆ ಗೊಬ್ಬರ ಸುರಿಯಬೇಡಿ

ಸಂಪಾದಕರಿಗೆ,

ಸಂಕ್ರಾಂತಿ ಕಳೆದು ಬೀಜ ಊರಿದ ಹೀರೆ, ಹಾಗಲ, ಸೋರೆ ಬಳ್ಳಿಗಳು ಯುಗಾದಿ ಹೊತ್ತಿಗೆ ಚಪ್ಪರ ತುಂಬಿ ಹೂ ಬಿಡುತ್ತವೆ. ಅದರ ಬೆನ್ನಿಗೇ ದೂರೂ ಶುರು: ‘ಹೂವೇನೋ ಬರ್ತಿದೆ, ಹೀಚು ಹಳದಿಯಾಗಿ ಉದುರಿಹೋಗ್ತಿದೆ.’ ಕೇಳಿದವರೆಲ್ಲ ಕೊಡುವ ಸಲಹೆ ಒಂದೇ, ಬುಡಕ್ಕೆ ಒಂದು ಚಮಚ ಯೂರಿಯಾ ಹಾಕಿ ಅಂತ. ಹಾಕಿದ ವಾರಕ್ಕೆ ಎಲೆ ಕಡುಹಸಿರಾಗಿ ಮಿರುಗುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ಯೂರಿಯಾ ಕೊಡುವುದು ಸಾರಜನಕ. ಅದು ಹೆಚ್ಚಾದ ಬಳ್ಳಿಯಲ್ಲಿ ಸೊಪ್ಪೂ ಹೆಚ್ಚು, ಗಂಡು ಹೂವೂ ಹೆಚ್ಚು. ಹೀಚು ಉದುರುವುದಕ್ಕೆ ಹಸಿವು ಕಾರಣವಾಗುವುದು ಅಪರೂಪ.

ಮೊದಲ ಒಂದೆರಡು ವಾರ ಬರುವುದು ಬಹುಪಾಲು ಗಂಡು ಹೂಗಳೇ. ಅವು ಅರಳಿ ಉದುರಲೇಬೇಕು. ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರವಿದ್ದರೆ ಮಾತ್ರ ಅದು ಹೆಣ್ಣು. ಆ ಪುಟ್ಟ ಕಾಯಿ ಮೂರ್ನಾಲ್ಕು ದಿನದಲ್ಲಿ ತುದಿಯಿಂದ ಹಳದಿಯಾಗಿ ಸುರುಟಿಕೊಂಡರೆ ಪರಾಗ ಬಿದ್ದಿಲ್ಲ ಎಂದರ್ಥ. ಮೂರನೇ ಮಹಡಿಯ ತಾರಸಿಗೆ ಜೇನು, ದುಂಬಿ ಬರುವುದು ಕಡಿಮೆ. ಆ ಕೆಲಸ ನಾವೇ ಮಾಡಬೇಕು. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯ ಭಾಗವನ್ನು ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ಮೆಲ್ಲಗೆ ತಾಗಿಸಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು.

ಎಡವುವುದು ಹೊತ್ತಿನ ವಿಷಯದಲ್ಲಿ. ಬೆಳಿಗ್ಗೆ ಎಂಟಕ್ಕೆ ಕಾಫಿ ಲೋಟ ಹಿಡಿದು ಹೀರೆ ಬಳ್ಳಿಯ ಹತ್ತಿರ ಹೋದರೆ ಪ್ರಯೋಜನವಿಲ್ಲ. ಹೀರೆ ಅರಳುವುದು ಸಂಜೆ. ಬಿಳಿ ಹೂವಿನ ಸೋರೆಯೂ ಇಳಿಹೊತ್ತಿನದು. ಹಾಗಲ, ಸೌತೆ, ಕುಂಬಳ ಬೆಳಗಿನವು, ಬಿಸಿಲೇರುವ ಮೊದಲೇ ಮುಗಿಸಬೇಕು. ‘ಔಷಧಿ ಸಂಜೆಯೇ ಹೊಡೆಯಿರಿ’ ಎಂಬ ಮಾತನ್ನು ಕಣ್ಣುಮುಚ್ಚಿ ಪಾಲಿಸಿದರೆ ಹೀರೆಗೆ ನಷ್ಟ, ಹೂವಿಗೆ ಪರಾಗ ಒಯ್ಯುವ ಕೀಟ ಬರುವ ಹೊತ್ತೂ ಅದೇ. ಬೇವಿನೆಣ್ಣೆ ಹೊಡೆಯುವುದಿದ್ದರೆ ಲೀಟರ್ ನೀರಿಗೆ 3ರಿಂದ 5 ಮಿ.ಲೀ., ಬೆರೆಯಲು ತುಸು ಸೋಪಿನ ನೀರು ಸೇರಿಸಿ, ಹೀರೆಗೆ ನಸುಕಿನಲ್ಲೇ ಮುಗಿಸಿ.

ಹೀಚು ಬೆರಳುದ್ದ ಬೆಳೆದ ಮೇಲೆ ಸೊಟ್ಟಗಾದರೆ ಕಥೆ ಬೇರೆ. ಕಿತ್ತು ಬೆಳಕಿಗೆ ಹಿಡಿಯಿರಿ: ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಕಲೆ, ಅದರ ಬಾಯಲ್ಲಿ ಒಣಗಿದ ಅಂಟಿನ ಹನಿ. ಸೀಳಿದರೆ ಒಳಗೆ ಬಿಳಿ ಹುಳುಗಳು ಮಿಜಿಗುಡುತ್ತಿರುತ್ತವೆ. ಇದು ಹಣ್ಣುನೊಣ. ಹೆಣ್ಣು ನೊಣ ಎಳೆ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳು ತಿರುಳು ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗುತ್ತದೆ. ಆದ್ದರಿಂದ ಉದುರಿದ ಕಾಯನ್ನು ಬುಡದಲ್ಲೇ ಬಿಡುವುದು, ಕಾಂಪೋಸ್ಟ್ ಡಬ್ಬಕ್ಕೆ ಹಾಕುವುದು ಎರಡೂ ಒಂದೇ, ಮುಂದಿನ ತಲೆಮಾರಿನ ನೊಣ ಸಾಕಿದಂತೆ. ದಿನವೂ ಹೆಕ್ಕಿ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ವಾರದ ಮಟ್ಟಿಗೆ ಸುಡುಬಿಸಿಲಿಗೆ ಇಡಿ. ಬುಡದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಎರಡು ಬೆರಳಷ್ಟು ಕೆದಕಿದರೆ ಕೋಶಗಳು ಬಿಸಿಲಿಗೂ ಇರುವೆಗೂ ಸಿಗುತ್ತವೆ. ಪರಾಗ ತಾಗಿಸಿದ ಎರಡು ಮೂರು ದಿನಕ್ಕೆ, ಹೂ ಬಾಡಿದೊಡನೆ, ಹೀಚಿಗೆ ಕಾಗದದ ಚೀಲ ತೊಡಿಸಿ ದಾರ ಸಡಿಲವಾಗಿ ಕಟ್ಟಿ. ಓದಿ ಮುಗಿಸಿದ ತಮ್ಮ ಪತ್ರಿಕೆಯೇ ಇದಕ್ಕೆ ಚೆನ್ನಾಗಿ ಒದಗುತ್ತದೆ!

ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ತೂಗುಹಾಕಿದರೂ ನೊಣ ಬೀಳಲಿಲ್ಲ ಎನ್ನುವವರು ಬಲೆಯ ಮೇಲಿನ ಚೀಟಿ ನೋಡಬೇಕು. ಸೆಳೆಯುವ ಮದ್ದು ಎರಡು ಬಗೆ: ಮಾವು, ಸೀಬೆಯ ನೊಣಕ್ಕೆ ಮೀಥೈಲ್ ಯೂಜಿನಾಲ್. ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ ಲ್ಯೂರ್. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಎರಡಕ್ಕೂ ಬೀಳುವುದು ಗಂಡು ನೊಣಗಳು ಮಾತ್ರ. ಆಗಲೇ ಬಸಿರಾದ ಹೆಣ್ಣು ಹೊರಗೇ ಇರುತ್ತದಾದ್ದರಿಂದ ಮೊದಲ ವಾರ ವ್ಯತ್ಯಾಸ ಕಾಣದು. ಬಲೆಯನ್ನು ಹೂ ಬರುವ ಮೊದಲೇ ತೂಗುಹಾಕುವುದು ಜಾಣತನ.

ಇನ್ನು ನೀರು. ಮಧ್ಯಾಹ್ನ ಎಲೆ ಜೋತುಬಿದ್ದ ಮಾತ್ರಕ್ಕೆ ಬಾಯಾರಿಕೆ ಎನ್ನಲಾಗದು. ಸಂಜೆಗೆ ತಾನಾಗಿ ನೆಟ್ಟಗಾದರೆ ಸುಮ್ಮನಿರಿ. ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಿ, ಒಣಗಿದ್ದರಷ್ಟೇ ನೀರು. ಒಂದು ದಿನ ಒಣಗಿಸಿ ಮರುದಿನ ತೊಯ್ಯಿಸುವುದೇ ದೊಡ್ಡ ತಪ್ಪು. ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗುವುದೂ ಇದರಿಂದಲೇ. ನೀರಿನ ಹರಿವು ತಪ್ಪಿದಾಗ ಸುಣ್ಣದಂಶ ಕಾಯಿಗೆ ತಲುಪುವುದಿಲ್ಲ. ಬುಡಕ್ಕೆ ಮೊಟ್ಟೆ ಚಿಪ್ಪು ಹಾಕಿದರೆ ಅದು ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಒಣಗಿದ ಎಲೆಯನ್ನೋ ಭತ್ತದ ಹುಲ್ಲನ್ನೋ ಎರಡು ಮೂರು ಅಂಗುಲ ಹೊದಿಸಿ, ಕಾಂಡದಿಂದ ನಾಲ್ಕು ಬೆರಳು ಬಿಟ್ಟು. ಸೋರೆ, ಕುಂಬಳಕ್ಕೆ 20 ಲೀಟರಿನ ಪೇಂಟ್ ಡಬ್ಬ ಸಾಲದು. 40 ಲೀಟರಿಗೆ ಕಡಿಮೆಯಾದರೆ ಎಷ್ಟು ಹೊಯ್ದರೂ ಮಧ್ಯಾಹ್ನಕ್ಕೆ ಒಣಗುತ್ತದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಐದಾರು ಕುಂಡಗಳ ಪಾಲಿಗೆ ದೊಡ್ಡ ಆಸರೆ. ಉಪ್ಪು ಹಾಕಿ ಬೇಯಿಸಿದ್ದು ಬೇಡ. ಆರ್‌ಓ ಯಂತ್ರ ಕುಡಿಯುವ ನೀರು ಶುದ್ಧ ಮಾಡಿ ಹೊರಹಾಕುವ ವ್ಯರ್ಥ ನೀರಿನಲ್ಲಿ ಲವಣ ಹೆಚ್ಚು, ಅರ್ಧಕ್ಕರ್ಧ ಬೇರೆ ನೀರು ಬೆರೆಸದೆ ಹಾಕಬೇಡಿ.

ಹಿತ್ತಲ ಮಾವಿನ ಮಿಡಿ ಉದುರುವುದಕ್ಕೆ ಹೆದರಬೇಕಿಲ್ಲ. ನೂರಾರು ಹೂವಿನ ಗೊಂಚಲಲ್ಲಿ ಒಂದೆರಡು ಕಾಯಿ ನಿಂತರೆ ಅದೇ ಫಸಲು. ಮಿಡಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರು ತಪ್ಪಿಸದಿದ್ದರಾಯಿತು. ಉದುರಿದ್ದು ಉಪ್ಪಿನಕಾಯಿಗೆ.

ಕೊನೆಗೊಂದು ಕೋರಿಕೆ. ತರಕಾರಿ ಬೀಜ ಮಾರುವವರು ಪೊಟ್ಟಣದ ಬೆನ್ನಿಗೆ ಗೊಬ್ಬರದ ಪ್ರಮಾಣದ ಜೊತೆಗೆ ಆ ಬಳ್ಳಿಯ ಹೂ ಎಷ್ಟು ಹೊತ್ತಿಗೆ ಅರಳುತ್ತದೆ, ಅದಕ್ಕೆ ಯಾವ ಬಲೆ ಎಂದು ಎರಡು ಸಾಲು ಅಚ್ಚು ಹಾಕಲಿ. ಕ್ಯೂ ಲ್ಯೂರ್ ಬಲೆಯನ್ನು ಎಕರೆ ಲೆಕ್ಕದ ಕಟ್ಟಿನಲ್ಲಿ ಮಾತ್ರವಲ್ಲದೆ, ಒಂದೇ ಚಪ್ಪರವಿರುವ ಮನೆಗೂ ಸಿಗುವಂತೆ ಬಿಡಿಬಿಡಿಯಾಗಿಯೂ ಮಾರಲಿ.

– ಒಬ್ಬ ಓದುಗ, ಮೈಸೂರು