ಆ ಬೆಂಕಿ ಆಕಸ್ಮಿಕವಲ್ಲ, ಆ ಮನೆ ಯಥಾವತ್ತೂ ಅಲ್ಲ

ಮಾನ್ಯರೇ,

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿರುವ ಸಿರಿವಂತರ ಹಳೆಯ ಮನೆಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಅಪ್‌ಪಾರ್ಕ್ ಮನೆಯ ಕಥೆಯನ್ನು ಅದು ಒಂದೇ ಸಾಲಿನಲ್ಲಿ ಮುಗಿಸಿದೆ: ಆಕಸ್ಮಿಕ ಬೆಂಕಿಗೆ ಆಹುತಿಯಾಗಿ ನಂತರ ಯಥಾವತ್ತಾಗಿ ಪುನರ್ನಿರ್ಮಾಣಗೊಂಡಿತು, ಅಂತ. ‘ಆಕಸ್ಮಿಕ’, ‘ಯಥಾವತ್ತು’ – ಈ ಎರಡು ಪದಗಳ ಬಗ್ಗೆ ನನ್ನ ತಕರಾರಿದೆ.

ಮೊದಲು ಮನೆಯ ವಿಚಾರ. ಪಶ್ಚಿಮ ಸಸೆಕ್ಸ್‌ನ ಗುಡ್ಡದ ಮೇಲಿರುವ ಈ ಕೆಂಪು ಇಟ್ಟಿಗೆಯ ಕಟ್ಟಡ ಸುಮಾರು 1690ರದು, ಒಳಗಿನ ಅಲಂಕಾರ ಬಹುಪಾಲು 18ನೇ ಶತಮಾನದ್ದು. ಆ ಅಲಂಕಾರ ಹಾಗೇ ಉಳಿದದ್ದು ಹೈನಿನ ಕೆಲಸದ ಒಬ್ಬ ಹುಡುಗಿಯಿಂದ. ಎಪ್ಪತ್ತು ದಾಟಿದ್ದ ಯಜಮಾನ ಸರ್ ಹ್ಯಾರಿ ಫೆದರ್‌ಸ್ಟನ್‌ಹಾ 1825ರಲ್ಲಿ ತನ್ನದೇ ಮನೆಯ ಹೈನುಗೆಲಸದ ಮೇರಿ ಆನ್ ಬುಲಕ್‌ಳನ್ನು ಮದುವೆಯಾದ. 1846ರಲ್ಲಿ ಆತ ತೀರಿಕೊಂಡ ಮೇಲೆ ಮನೆ ಅವಳದಾಯಿತು. ಅವಳೂ, ಅವಳ ನಂತರ ತಂಗಿ ಫ್ರಾನ್ಸಿಸ್‌ಳೂ 1895ರವರೆಗೆ ‘ಸರ್ ಹ್ಯಾರಿ ಇದ್ದಾಗ ಹೇಗಿತ್ತೋ ಹಾಗೆ’ ಎಂದು ಮನೆಯನ್ನು ಕಾಪಾಡಿಕೊಂಡರು. ಅಂದಿನ ಫ್ಯಾಷನ್‌ಗೆ ತಕ್ಕಂತೆ ಬದಲಾಯಿಸುವ ಚಪಲ ಇಬ್ಬರಿಗೂ ಇರಲಿಲ್ಲ. 1930ರ ದಶಕದಲ್ಲಿ ಮನೆಯೊಡತಿಯಾಗಿದ್ದ ಲೇಡಿ ಮೀಡ್-ಫೆದರ್‌ಸ್ಟನ್‌ಹಾ ಜೀರ್ಣವಾಗಿದ್ದ ಪರದೆಗಳನ್ನು ಸೋಪ್‌ವರ್ಟ್ ಗಿಡ ಕುದಿಸಿದ ನೀರಿನಲ್ಲಿ ತೊಳೆದು, ಎಳೆ ಎಳೆಯಾಗಿ ಹೊಲಿದು ಉಳಿಸಿದರು. ಆ ಗಿಡದಲ್ಲಿ ನೊರೆ ಕೊಡುವುದು ಸ್ಯಾಪೊನಿನ್, ಅಂದರೆ ನಮ್ಮ ಅಂಟುವಾಳದಲ್ಲಿ ಇರುವಂಥದೇ. ರೇಷ್ಮೆ ಸೀರೆಗೆ ಅಂಟುವಾಳವನ್ನೇ ಹಾಕಬೇಕೆನ್ನುವ ಅಜ್ಜಿಯರು ಇದನ್ನು ಕೇಳಿ ಅಚ್ಚರಿಪಡಲಾರರು.

ಇನ್ನು ಬೆಂಕಿ. 1989ರ ಆಗಸ್ಟ್ 30ರ ಮಧ್ಯಾಹ್ನ, ಪ್ರವಾಸಿಗರು ಒಳಗಿದ್ದಾಗಲೇ ಚಾವಣಿ ಹೊತ್ತಿಕೊಂಡಿತು. ಮೇಲೆ ಸೀಸದ ತಗಡಿನ ರಿಪೇರಿ ನಡೆದಿತ್ತು, ಮುಗಿಯಲು ಕೆಲವೇ ದಿನ ಬಾಕಿ. ತಗಡು ಬೆಸೆಯುವ ಬ್ಲೋಟಾರ್ಚ್‌ನ ಜ್ವಾಲೆ ಕೆಳಗಿನ ಮರಕ್ಕೆ ತಗುಲಿತು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಟಾರ್ಚಿನ ಜ್ವಾಲೆಯದು ಸಾವಿರ ಡಿಗ್ರಿಗೂ ಮೇಲೆ. ತಗಡಿನ ಅಡಿಯಲ್ಲಿರುವುದು ಇನ್ನೂರು ಮುನ್ನೂರು ವರ್ಷ ಒಣಗಿದ ಹಲಗೆ. ಹಲಗೆಗಳ ಸಂದಿನಲ್ಲಿ ಧೂಳು, ಹಕ್ಕಿಗೂಡಿನ ಹುಲ್ಲು. ಜ್ವಾಲೆಯ ನಾಲಗೆ ಒಂದು ಸಂದಿಗೆ ಹೊಕ್ಕರೆ ಸಾಕು, ಮೇಲಿರುವ ಕೆಲಸಗಾರನಿಗೆ ಏನೂ ಕಾಣದು. ಒಳಗೆ ಗಂಟೆಗಟ್ಟಲೆ ಹೊಗೆಯಾಡಿ ಆಮೇಲೆ ಭುಗಿಲೇಳುವುದೂ ಉಂಟು.

ಸೀಸಕ್ಕೆ ರಿಪೇರಿ ಯಾಕೆ ಬೇಕಾಗುತ್ತದೆ ಎಂಬುದನ್ನೂ ಹೇಳಬೇಕು. ಬಿಸಿಲಿಗೆ ಅದು ಉಕ್ಕಿನ ಎರಡೂವರೆ ಪಟ್ಟು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಅತಿ ಅಗಲದ ಹಾಳೆ ಹಾಸಿ ಅಂಚುಗಳನ್ನು ಬಿಗಿದರೆ ಹಿಗ್ಗಲು ಜಾಗವಿಲ್ಲದೆ ಮಡಿಕೆ ಬಿದ್ದು, ಅದೇ ಮಡಿಕೆಯಲ್ಲಿ ಬಿರುಕು ಬಿಟ್ಟು, ಮಳೆನೀರು ಇಳಿಯುತ್ತದೆ. 3.55 ಮಿ.ಮೀ. ದಪ್ಪದ ಹಾಳೆ ಚದರ ಮೀಟರಿಗೆ 40 ಕೆ.ಜಿ. ತೂಗುವುದರಿಂದ ಇಳಿಜಾರಿನಲ್ಲಿ ತನ್ನ ಭಾರಕ್ಕೇ ಜಾರುತ್ತದೆ ಕೂಡ. ಹಾಗಾಗಿ ಚಿಕ್ಕ ಚಿಕ್ಕ ಹಾಳೆಗಳನ್ನು ಮಡಚಿ ಕೂಡಿಸುವುದೇ ಸರಿಯಾದ ಕ್ರಮ. ಬೆಸುಗೆ ಬೇಕೇ ಬೇಕೆಂದಾದರೆ ಕೆಳಗೆ ಶೆಡ್ಡಿನಲ್ಲಿ ಬೆಸೆದು ಮೇಲೆ ಒಯ್ದು ಕೂರಿಸಬೇಕು. ಚಾವಣಿಯ ಮೇಲೆಯೇ ಟಾರ್ಚ್ ಹಚ್ಚುವುದು ಅನಿವಾರ್ಯವಾದಾಗ ಅಂದಂದಿನ ಲಿಖಿತ ಅನುಮತಿ, ಪಕ್ಕದಲ್ಲೇ ನಂದಿಸುವ ಸಿಲಿಂಡರು, ಕೆಲಸ ನಿಂತ ಮೇಲೆ ಕನಿಷ್ಠ ಒಂದು ಗಂಟೆ ಕಾವಲು ಇರಬೇಕು. ಆ ಕಾವಲುಗಾರ ಚಾವಣಿಯ ಮೇಲೆ ನಿಂತರೆ ಸಾಲದು, ಅಟ್ಟದೊಳಕ್ಕೆ ಇಳಿದು ಹಲಗೆಯ ಅಡಿ ಮುಟ್ಟಿ ನೋಡಬೇಕು. ಟಾರ್ಚನ್ನು ಐದು ಗಂಟೆಗೆ ಆರಿಸಿ ಐದೂ ಐದಕ್ಕೆ ಎಲ್ಲರೂ ಮನೆಗೆ ಹೊರಡುವ ಸೈಟಿನಲ್ಲಿ ಈ ಯಾವುದಕ್ಕೂ ಅರ್ಥವಿಲ್ಲ. ಇಷ್ಟು ಕಾರಣಗಳು ಕೈಗೆ ಸಿಗುವ ಘಟನೆಯನ್ನು ಆಕಸ್ಮಿಕ ಎನ್ನುವುದು ಹೇಗೆ?

ಇಂಥದೇ ಇನ್ನೊಂದು ಹಳೆಯ ಮನೆ, ಸರ್ರೆಯ ಕ್ಲಾಂಡನ್ ಪಾರ್ಕ್, ಸುಟ್ಟದ್ದು 2015ರ ಏಪ್ರಿಲ್ 29ರಂದು. ಅಲ್ಲಿ ಟಾರ್ಚೂ ಇಲ್ಲ, ಕೆಲಸಗಾರರೂ ಇಲ್ಲ. ನೆಲಮಾಳಿಗೆಯ ಕಪಾಟಿನಲ್ಲಿದ್ದ ವಿದ್ಯುತ್ ವಿತರಣಾ ಬೋರ್ಡಿನ ತಯಾರಿಕೆಯಲ್ಲೇ ದೋಷವಿತ್ತು. ಅಲ್ಲಿ ಹುಟ್ಟಿದ ಬೆಂಕಿ ಲಿಫ್ಟಿನ ಗುಂಡಿಯನ್ನೇ ಹೊಗೆಗೊಳವೆ ಮಾಡಿಕೊಂಡು ಚಾವಣಿಗೆ ಏರಿತು. ಹೊರಗೆ ದಪ್ಪ ಇಟ್ಟಿಗೆ ಗೋಡೆ ಕಂಡು ಇಂಥ ಮನೆಗಳನ್ನು ನಾವು ಕೋಟೆಯೆಂದು ತಿಳಿಯುತ್ತೇವೆ. ಒಳಗೆಲ್ಲ ಟೊಳ್ಳು: ನೆಲದ ಹಲಗೆಗೂ ಕೆಳಗಿನ ಸೀಲಿಂಗಿಗೂ ನಡುವೆ ತೊಲೆಗಳ ಅಂತರ, ಮರದ ಹೊದಿಕೆಗೂ ಗೋಡೆಗೂ ನಡುವೆ ಒಂದಿಂಚು ಗಾಳಿ, ಬಳಕೆ ತಪ್ಪಿದ ಹೊಗೆಗೂಡು, ವೈರು ಎಳೆಯಲು ಕೊರೆದು ಮುಚ್ಚದೆ ಬಿಟ್ಟ ತೂತು. ಕೊನೆಯದೇ ಎಲ್ಲಕ್ಕಿಂತ ಅಪಾಯ, ಮತ್ತು ಮುಚ್ಚುವುದಕ್ಕೆ ಎಲ್ಲಕ್ಕಿಂತ ಅಗ್ಗ. ಕ್ಲಾಂಡನ್‌ನಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದದ್ದು ಸ್ಪೀಕರ್ಸ್ ಪಾರ್ಲರ್ ಎಂಬ ಒಂದೇ ಕೋಣೆ.

ಇನ್ನು ‘ಯಥಾವತ್ತು’. ಅಪ್‌ಪಾರ್ಕ್‌ನಲ್ಲಿ ಕುಟುಂಬದವರು, ಸಿಬ್ಬಂದಿ, ಅಗ್ನಿಶಾಮಕರು ಸಾಲಾಗಿ ನಿಂತು ನೆಲಅಂತಸ್ತಿನ ಸಾಮಾನುಗಳಲ್ಲಿ ಬಹುಪಾಲನ್ನು ಹೊರಗೆ ಸಾಗಿಸಿದರು. ಮೇಲಿನ ಅಂತಸ್ತು ಹೋಯಿತು. ಬಿದ್ದ ಅವಶೇಷವನ್ನು ಲಾರಿಯಲ್ಲಿ ತುಂಬಿ ಎಸೆಯದೆ, ಎಲ್ಲಿ ಬಿದ್ದಿತ್ತೆಂದು ಗುರುತು ಹಾಕಿ 3,860 ಕಸದ ಡಬ್ಬಿಗಳಲ್ಲಿ ತುಂಬಿಟ್ಟು ಜರಡಿ ಹಿಡಿದರು. ಒಂದು ಕೀಲು, ಅಂಗೈಯಗಲದ ಒಂದು ಗಾರೆ ಹೂವು ಸಿಕ್ಕರೂ ಅದರ ಜಾಗ ಗೊತ್ತಾಗುತ್ತಿತ್ತು.

ಗಾರೆ ಸೀಲಿಂಗಿನ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಬೆರಳಗಲದ ಮರದ ಪಟ್ಟಿಗಳನ್ನು ತೊಲೆಗೆ ಹೊಡೆಯುವಾಗ ನಡುವೆ ಆರೇಳು ಮಿ.ಮೀ. ಸಂದು ಬಿಡುತ್ತಾರೆ. ಸುಣ್ಣ, ಮರಳು, ಪ್ರಾಣಿಯ ಕೂದಲು ಕಲಸಿದ ಗಾರೆಯನ್ನು ಕೆಳಗಿನಿಂದ ಒತ್ತಿದಾಗ ಅದು ಸಂದಿನಲ್ಲಿ ನುಗ್ಗಿ ಮೇಲೆ ಕೊಕ್ಕೆಯಂತೆ ಬಾಗಿ ಗಟ್ಟಿಯಾಗುತ್ತದೆ. ಇಡೀ ಸೀಲಿಂಗು ನೇತಾಡುವುದು ಆ ಕೊಕ್ಕೆಗಳಿಂದ. ಸಂದು ಕಿರಿದಾದರೆ ಕೊಕ್ಕೆ ಮೂಡದು. ಪಟ್ಟಿಯನ್ನು ಮೊದಲೇ ನೆನೆಸದಿದ್ದರೆ ಗಾರೆಯ ನೀರನ್ನು ಅದು ಹೀರಿ ಬಿರುಕು ಬಿಡಿಸುತ್ತದೆ. ಕೂದಲನ್ನು ಬಿಸಿ ಸುಣ್ಣಕ್ಕೇ ಹಾಕಿಟ್ಟರೆ ಕ್ಷಾರಕ್ಕೆ ತಿಂದುಹೋಗಿ, ಆರು ತಿಂಗಳ ಮೇಲೆ ಹಿಡಿತ ತಪ್ಪುತ್ತದೆ. ಬಳಸುವ ಮುನ್ನವೇ ಬೆರೆಸಬೇಕು. ಬೆಂಕಿ ನಂದಿಸಿದ ನೀರು ಕುಡಿದ ಹಳೆಯ ಸೀಲಿಂಗು ಮರುದಿನ ತಾನಾಗಿ ಕುಸಿಯುವುದೂ ಈ ಕೊಕ್ಕೆಗಳು ಮೆತ್ತಗಾಗುವುದರಿಂದಲೇ. ಅಪ್‌ಪಾರ್ಕ್‌ನ ಹಳೆಯ ಹೂಬಳ್ಳಿಗಳು ಅಚ್ಚಿನಲ್ಲಿ ಎರಕ ಹೊಯ್ದವಲ್ಲ, ಹಸಿ ಗಾರೆಯಲ್ಲಿ ಕೈಯಿಂದ ಮಿದ್ದಿದವು. ಆ ಕೈಚಳಕ ಇಂಗ್ಲೆಂಡಿನಲ್ಲಿ ಮರೆತೇಹೋಗಿತ್ತು. ಕುಶಲಕರ್ಮಿಗಳು ಅದನ್ನು ಮತ್ತೆ ಕಲಿಯಬೇಕಾಯಿತು.

‘ಬೆಂಕಿಯ ಹಿಂದಿನ ದಿನ ಇದ್ದಂತೆ’ – ಇದು ಅವರಿಟ್ಟುಕೊಂಡ ಗುರಿ. 1750ರಂತೆ ಹೊಸದಾಗಿ ಹೊಳೆಯುವಂತಲ್ಲ, 1989ರ ಆಗಸ್ಟ್ 29ರಂತೆ ಮಾಸಿದ ಬಣ್ಣದೊಂದಿಗೆ. ಉಳಿದ ತುಣುಕಿನ ಪಕ್ಕ ಹೊಸದು ಎದ್ದು ಕಾಣದಂತೆ ಬಣ್ಣವನ್ನೂ ಚಿನ್ನದ ಲೇಪವನ್ನೂ ತಗ್ಗಿಸಿದರು. 1995ರಲ್ಲಿ ಮನೆ ತೆರೆಯಿತು. ಇದು ಯಥಾವತ್ತಲ್ಲ, ತುಂಬ ಎಚ್ಚರದಿಂದ ಮಾಡಿದ ಹೊಂದಾಣಿಕೆ.

ಕ್ಲಾಂಡನ್‌ನಲ್ಲಿ ಅದು ಸಾಧ್ಯವಿರಲಿಲ್ಲ. ಮುಖ್ಯ ಕೋಣೆಗಳನ್ನಾದರೂ ಮತ್ತೆ ಕಟ್ಟುವುದಾಗಿ ಮೊದಲು ಹೇಳಿದ್ದ ನ್ಯಾಷನಲ್ ಟ್ರಸ್ಟ್ (ಇಂಥ ಮನೆಗಳನ್ನು ಕಾಪಾಡುವ ದತ್ತಿ ಸಂಸ್ಥೆ) 2022ರಲ್ಲಿ ಮನಸ್ಸು ಬದಲಿಸಿ, ಸುಟ್ಟ ಒಡಲನ್ನೇ ಬಹುಪಾಲು ಹಾಗೆಯೇ ಉಳಿಸಿ ತೋರಿಸುವ ನಿರ್ಧಾರಕ್ಕೆ ಬಂತು. ಬೈಗುಳ ಸಾಕಷ್ಟು ಬಂತು. ನನಗೆ ನಿರ್ಧಾರ ಸರಿಯೆನಿಸುತ್ತದೆ. ಜೋಡಿಸಲು ಹಳೆಯ ತುಣುಕುಗಳೇ ಇಲ್ಲದ ಕಡೆ ಕಟ್ಟುವುದು ನಕಲು. 1897ರಲ್ಲಿ ಮದುವೆ ಮನೆಯ ಸಂಭ್ರಮದ ನಡುವೆ ಮೈಸೂರಿನ ಮರದ ಅರಮನೆ ಸುಟ್ಟಾಗ ಅದೇ ಅರಮನೆಯನ್ನು ಯಾರೂ ಮತ್ತೆ ಮರದಲ್ಲಿ ಕಟ್ಟಲಿಲ್ಲ. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಮುಗಿದದ್ದು ಕಲ್ಲು, ಎರಕದ ಕಬ್ಬಿಣಗಳ ಬೇರೆಯೇ ಕಟ್ಟಡ.

ಕೊನೆಗೊಂದು ಸಣ್ಣ ತಿದ್ದುಪಡಿ. ಚಿತ್ರದ ಅಡಿ ‘ಅಪ್‌ಪಾರ್ಕ್ ಅರಮನೆ’ ಎಂದು ಅಚ್ಚಾಗಿದೆ. ಇಂಗ್ಲೆಂಡಿನಲ್ಲಿ ಇವು ಎಷ್ಟೇ ದೊಡ್ಡವಿದ್ದರೂ ‘ಮನೆ’ಗಳೇ. ರಾಜರದ್ದೂ ಬಿಷಪ್ಪರದ್ದೂ ಅಲ್ಲದೆ ಅರಮನೆ ಎಂಬ ಹೆಸರು ಹೊತ್ತಿರುವುದು ಬ್ಲೆನಿಮ್ ಒಂದೇ.

– ಓದುಗ, ಮೈಸೂರು