ಟವರ್ ಸತ್ತರೆ ಎಚ್ಚರಿಕೆ ಯಾರಿಗೆ?

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಕೊಡಗಿನವರ ಫೋನಿಗೆ ರೆಡ್ ಅಲರ್ಟ್, ಆರೆಂಜ್ ಅಲರ್ಟ್‌ಗಳ ಸಾಲು. ಬೇಡ ಅಂತಲ್ಲ. 2023ರ ಅಕ್ಟೋಬರ್‌ನಲ್ಲಿ ಮೊಬೈಲ್‌ಗಳೆಲ್ಲ ಒಟ್ಟಿಗೆ ಕಿರುಚಿಕೊಂಡವಲ್ಲ, ಅವತ್ತು ಪರೀಕ್ಷಿಸಿದ ಸೆಲ್ ಬ್ರಾಡ್‌ಕಾಸ್ಟ್, ಅಂದರೆ ಟವರಿನಿಂದ ಸುತ್ತಲಿನ ಫೋನುಗಳಿಗೆಲ್ಲ ಒಮ್ಮೆಲೇ ಎಚ್ಚರಿಕೆ ಕಳಿಸೋದು, ನಿಜಕ್ಕೂ ಒಳ್ಳೆ ವ್ಯವಸ್ಥೆ. ಇಂಟರ್ನೆಟ್ ಬೇಕಿಲ್ಲ, ಆ್ಯಪ್ ಬೇಕಿಲ್ಲ.

ಆದರೆ ಟವರ್ ಬದುಕಿರಬೇಕಲ್ವಾ? ಗಾಳಿಗೆ ಲೈನ್ ಮೇಲೆ ಒಂದು ಮರ ಬಿದ್ದರೆ ಸಾಕು, ಕರೆಂಟ್ ಹೋಗುತ್ತೆ, ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ಎಳೆಯುತ್ತೆ, ಆಮೇಲೆ ಜನರೇಟರ್‌ಗೆ ಡೀಸೆಲ್ ಹಾಕೋರು ಯಾರೂ ಇಲ್ಲ. 112ಕ್ಕೆ ಕರೆ ಮಾಡಬೇಕಂದ್ರೆ ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಬೇಕು, ಅದೂ ಗುಡ್ಡ ಜರಿಯೋ ಹೊತ್ತಲ್ಲಿ!

ಇನ್ನೊಂದು ವಿಷಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಮಳೆ ಮಾಪಕ ಇಟ್ಟಿದ್ದಾರೆ. ಸೋಲಾರ್‌ನಲ್ಲಿ ನಡೆಯುತ್ತೆ, 15 ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತೆ. ಅದರ ಪಕ್ಕದಲ್ಲೇ ಓಡಾಡೋ ನಮಗೆ ಮಾತ್ರ ಆ ಲೆಕ್ಕ ಗೊತ್ತಾಗಲ್ಲ. ನಮ್ಮವರಿಗೆ ಮಳೆ ಲೆಕ್ಕ ಹೊಸದೇನಲ್ಲ. ಕಾಫಿ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದಲೂ ‘ಎರಡು ಇಂಚು ಮೂವತ್ತು ಸೆಂಟ್’ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಅಂತ ಡೈರಿಯಲ್ಲಿ ಬರೆದಿಟ್ಟಿದ್ದಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಕುಸಿದದ್ದು ಒಂದೇ ದಿನದ ಮಳೆಗಲ್ಲ, ದಿನಗಟ್ಟಲೆ ಸುರಿದು ಮಣ್ಣು ನೀರು ಕುಡಿದು ಕುಡಿದು ಭಾರವಾಗಿತ್ತು. ಹಾಗಾಗಿ ‘ಜಿಲ್ಲೆಯಲ್ಲಿ ಭಾರೀ ಮಳೆ’ ಅನ್ನೋ ಸಂದೇಶಕ್ಕಿಂತ ನಮ್ಮ ಊರಲ್ಲೇ ಮೂರು ದಿನಕ್ಕೆ ಎಷ್ಟು ಬಿತ್ತು ಅನ್ನೋದು ಜಾಸ್ತಿ ಉಪಯೋಗ.

ಅದನ್ನು ಪಂಚಾಯಿತಿ ಬೋರ್ಡಿನ ಮೇಲೆ ದಿನಕ್ಕೆರಡು ಸಲ ಸೀಮೆಸುಣ್ಣದಲ್ಲಿ ಬರೆದರೆ ಸಾಕು. ಮಳೆ ಅಪಾಯದ ಮಿತಿ ದಾಟಿದರೆ ಜೀಪಿಗೆ ಮೈಕ್ ಕಟ್ಟಿ ಕೂಗಿಸಲಿ, ದಾರಿ ಕಡಿದುಹೋಗೋ ಊರುಗಳಿಗೆ ಬ್ಯಾಟರಿ ಸೈರನ್ ಕೊಡಲಿ, ಒಂದೆರಡು ವಾಕಿಟಾಕಿನೂ ಇರಲಿ. ಸುಮ್ನೆ ಇನ್ನೊಂದು ಆ್ಯಪ್ ಬಿಡುಗಡೆ ಮಾಡಿ ಫೋಟೊ ತೆಗೆಸಿಕೊಳ್ಳೋದು ಬೇಡ. ಮತ್ತೆ ಆ ಡೀಸೆಲ್. ಯಾವ ಟವರಿಗೆ ಯಾರು ತುಂಬಿಸಬೇಕು, ನೆಟ್‌ವರ್ಕ್ ಹೋದರೆ ಯಾರನ್ನು ಕೇಳಬೇಕು ಅನ್ನೋದನ್ನು ಜಿಲ್ಲಾಡಳಿತ ಜೂನ್‌ಗೆ ಮೊದಲೇ ಹೆಸರು ಸಮೇತ ಪ್ರಕಟಿಸಲಿ.

– ಓದುಗ, ಮಡಿಕೇರಿ ತಾಲೂಕು